ಯಯಾತಿಯ ಬಯಕೆ

ಕಳೆದ ಯೌವನವನ್ನು ಬಯಸದ ವೃದ್ಧನಾರು? 1889ರಲ್ಲಿ ಪ್ಯಾರಿಸ್ಸಿನ ಪಂಡಿತಸಭೆಯೊಂದರಲ್ಲಿ 72 ವರ್ಷದ ಬ್ರೌನ್-ಸೆಕಾರನು, ಪ್ರಾಣಿಗಳ ವೃಷಣರಸವನ್ನು ಮೈಗೆ ಚುಚ್ಚಿಕೊಂಡುದರಿಂದ ತನಗೆ ಬಲವು ಮರಳಿತೆಂದು ಸಾರಿದನು. ಆ ನೀರಿನ ರಸದಲ್ಲಿ ಹಾರ್ಮೋನು ಇಲ್ಲವೆಂಬಷ್ಟು ಅಲ್ಪ. ಮರಳಿದುದು ನಂಬುಗೆಯ ಬಲವೇ ಸರಿ. ನಿಜವಾದ ಟೆಸ್ಟೋಸ್ಟೆರೋನು ಕೈಗೆ ದೊರೆತುದು 1935ರಲ್ಲಿ.

2016ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ, 65 ವರ್ಷಕ್ಕೆ ಮೇಲ್ಪಟ್ಟ, ರಕ್ತದಲ್ಲಿ ಅದರ ಪ್ರಮಾಣವು ಕುಗ್ಗಿದ್ದ 790 ಪುರುಷರಲ್ಲಿ ಅರ್ಧದಷ್ಟು ಮಂದಿ ಅದನ್ನೂ, ಉಳಿದವರು ಹುಸಿಲೇಪವನ್ನೂ ವರ್ಷಕಾಲ ಹಚ್ಚಿಕೊಂಡರು. ಮದ್ದು ಪಡೆದವರ ಪ್ರಮಾಣವು ತರುಣರ ಮಟ್ಟಕ್ಕೇರಿತು. ಕಾಮೇಚ್ಛೆಯೂ ಕಾಮಶಕ್ತಿಯೂ ತಕ್ಕಮಟ್ಟಿಗೆ ಹೆಚ್ಚಿದುವು. ಚೈತನ್ಯವು ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ರಕ್ತವು ತರುಣವಾದರೂ ಮನುಷ್ಯನು ತರುಣನಾಗಲಿಲ್ಲ.

ಕೊರತೆಯುಳ್ಳವನಿಗೆ ಇದು ಔಷಧವೇ ಹೌದು. ಯೌವನವನ್ನೇ ಬೇಡುವವನು ಯಯಾತಿಯನ್ನು ನೆನೆಯಲಿ: ಮಗನ ಪ್ರಾಯವನ್ನು ಪಡೆದೂ ಅವನು ತಣಿಯಲಿಲ್ಲ.