ಕಕ್ಕಬೆಯ ಬುತ್ತಿ

ಮಡಿಕೇರಿಯಲ್ಲಿ ರಾಜಾಸೀಟಿನ ಕಡೆ ನಡೆಯುವಾಗ 'ಕೂರ್ಗ್' ಎಂದು ಬರೆದ ಡಬ್ಬಿ, ಬಾಟಲಿ, ಪೊಟ್ಟಣಗಳಿಗೆ ಲೆಕ್ಕವಿಲ್ಲ. ಕೂರ್ಗ್ ಜೇನು, ಕೂರ್ಗ್ ಮೆಣಸು, ಹೋಮ್‌ಮೇಡ್ ಚಾಕೊಲೇಟ್, ಹೋಮ್‌ಮೇಡ್ ವೈನ್. ಯಾರ ಮನೆಯಲ್ಲಿ ಮಾಡಿದ್ದು ಅಂತ ಕೇಳಿದರೆ ಅಂಗಡಿಯ ಹುಡುಗ ಮಿಕಮಿಕ ನೋಡುತ್ತಾನೆ. ಜೂನ್ ಮೊದಲ ವಾರ ನಾವು ಹೋದಾಗ ಒಂದು ಕಡೆ ಕಿತ್ತಳೆಯೂ ಇತ್ತು, 'ಕೂರ್ಗ್ ಆರೆಂಜ್' ಎಂಬ ಚೀಟಿ ಸಮೇತ. ಢಾಳಾದ ಕೇಸರಿ ಬಣ್ಣ, ಉಬ್ಬಿದ ಸಡಿಲ ಸಿಪ್ಪೆ. ಕೊಡಗಿನ ಕಿತ್ತಳೆ ಹಸಿರು ಮಿಶ್ರಿತ ಹಳದಿ, ಸಿಪ್ಪೆ ಬಿಗಿ, ರುಚಿ ಹುಳಿಸಿಹಿ. ಅದರ ಮುಖ್ಯ ಫಸಲು ಚಳಿಗಾಲದಲ್ಲಿ. ನನ್ನ ಜೊತೆಗಿದ್ದ ಭಾವ ಮೈಸೂರಿನವರು, ಚೌಕಾಸಿಯಲ್ಲಿ ಪಳಗಿದವರು. "ನಾಗಪುರದ ಕೂರ್ಗು ಯಾವ ತಾಲ್ಲೂಕಪ್ಪ?" ಅಂತ ಕೇಳಿ ಅಲ್ಲಿಂದ ನಮ್ಮನ್ನು ಹೊರಡಿಸಿದರು.

ನಮಗೆ ಬೇಕಾಗಿದ್ದದ್ದು ಬುತ್ತಿಯ ಸಾಮಾನು. ಮರುದಿನ ಕಕ್ಕಬೆಯಿಂದ ತಡಿಯಂಡಮೋಳ್ ಹತ್ತುವ ಯೋಚನೆ. 1,748 ಮೀಟರಿನ ಈ ಬೆಟ್ಟ ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರದ್ದು. ಹತ್ತುವ ದಾರಿಯಲ್ಲಿ ತಿನ್ನಲು ಏನೂ ಸಿಗುವುದಿಲ್ಲ. ಕಟ್ಟಿಸಿಕೊಂಡೇ ಹೋಗಬೇಕು. ಭಾವ ಶುದ್ಧ ಸಸ್ಯಾಹಾರಿ, ನಾನು ಹಂದಿಕರಿಗಾಗಿಯೇ ಕೊಡಗಿಗೆ ಹೋಗುವವನು. ಹೀಗಾಗಿ ಬುತ್ತಿಯೂ ಎರಡು ಬಗೆ.

ಶುಕ್ರವಾರವಾದ್ದರಿಂದ ಮಡಿಕೇರಿಯಲ್ಲಿ ಸಂತೆ. ಮಳೆ ಇನ್ನೂ ಜೋರು ಹಿಡಿದಿರಲಿಲ್ಲ. ಸಂತೆಯ ತುದಿಯಲ್ಲಿ ಗೋಣಿತಾಟು ಹಾಸಿ ಬೆಣ್ಣೆಹಣ್ಣು ಹಾಕಿಕೊಂಡು ಕೂತಿದ್ದ ಹೆಂಗಸು ಬೆಲೆ ಹೇಳುವ ಮೊದಲೇ ಕೇಳಿದಳು: "ಇವತ್ತಿಗಾ, ನಾಳೆಗಾ, ನಾಡಿದ್ದಿಗಾ?" ನಾಳೆ ಮಧ್ಯಾಹ್ನಕ್ಕೆ ಅಂದೆ. ಒಂದೊಂದೇ ಹಣ್ಣನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಬೀಜ ಕಟಕಟ ಅಂದರೆ ಬಲಿತಿದೆ ಅಂತ. ಹಾಗೆ ಸದ್ದು ಮಾಡಿದವುಗಳಲ್ಲಿ ತೊಟ್ಟಿನ ಬುಡ ಇನ್ನೂ ಗಟ್ಟಿಯಾಗಿದ್ದ ಎರಡನ್ನು ಆರಿಸಿಕೊಟ್ಟು, "ಬ್ಯಾಗಿನ ಅಡಿಗೆ ಹಾಕಬೇಡಿ, ಅಕ್ಕಿಡಬ್ಬದಲ್ಲಿ ಮುಚ್ಚಿಡಿ" ಅಂದಳು. ಬೆಂಗಳೂರಿನ ಹೋಟೆಲುಗಳಲ್ಲಿ ಅವಕಾಡೊ ಟೋಸ್ಟ್ ಎಂದು ಇದಕ್ಕೆ ಕೇಳುವ ಬೆಲೆ ನೆನೆದರೆ ನಗು ಬರುತ್ತದೆ. ಕೊಡಗಿನ ಕಾಫಿತೋಟಗಳಲ್ಲಿ ಇದು ನೆರಳಿನ ಮರಗಳ ನಡುವೆ ತನ್ನಷ್ಟಕ್ಕೆ ಬೆಳೆಯುತ್ತಿದ್ದ ಹಣ್ಣು. ಮಕ್ಕಳಿಗೆ ಸಕ್ಕರೆ ಹಾಕಿ ಕಿವುಚಿ ಕೊಡುತ್ತಿದ್ದರು. ಈಗ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಇದರ ತಳಿಗಳನ್ನೇ ಆಯ್ದು ಬಿಡುಗಡೆ ಮಾಡಿದೆ.

ಖಾಸಗಿ ಬಸ್ಸು ನಾಪೋಕ್ಲುವಿಗೆ ಬರುವ ಹೊತ್ತಿಗೆ ಹಸಿವಾಗಿತ್ತು. ಇಳಿದದ್ದು ಬ್ರೆಡ್ಡಿಗಾಗಿ. ಮೈಸೂರು, ಹಾಸನದ ಕಡೆಯವರಿಗೆ ಬೇಕರಿ ಅಂದರೆ ಅಯ್ಯಂಗಾರ್ ಬೇಕರಿ. ಮೊಟ್ಟೆಯಿಲ್ಲದ ಕೇಕು, ಖಾರ ಬನ್ನು, ತುಸು ಸಿಹಿ ಬ್ರೆಡ್ಡು. ಕೊಡಗಿನ ಈ ಅಂಚಿಗೆ ಹತ್ತಿರವಾದದ್ದು ತಲಶ್ಶೇರಿ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಅದೇ. 1880ರಲ್ಲಿ ಮಂಬಳ್ಳಿ ಬಾಪು ಬಿಸ್ಕತ್ತಿನ ಕಾರ್ಖಾನೆ ತೆರೆದ ಊರು ಅದು. ಕೇಕು, ಬ್ರೆಡ್ಡಿನ ಕಸುಬಿಗೆ ಮಲಬಾರಿನಲ್ಲಿ ಈಗಲೂ ಅದರದೇ ಹೆಸರು. ನಾಪೋಕ್ಲುವಿನ ಅಂಗಡಿಯಲ್ಲೂ ಗಾಜಿನ ಕಪಾಟಿನೊಳಗೆ ಮಲಬಾರಿನ ತಿನಿಸಾದ ಉನ್ನಕ್ಕಾಯಿ, ಪಕ್ಕದಲ್ಲಿ ಮೊಟ್ಟೆ ಪಫ್ಸು. ಉಪ್ಪು ಬ್ರೆಡ್ ಒಳಗಿನಿಂದ ಆಗಷ್ಟೇ ಬಂದಿತ್ತು. ಕುಯ್ದು ಕೊಡಿ ಅಂದದ್ದಕ್ಕೆ ಟೋಪಿ ಹಾಕಿದ್ದ ಯಜಮಾನರು ಸುತಾರಾಂ ಒಪ್ಪಲಿಲ್ಲ. "ಬಿಸಿ ಬ್ರೆಡ್ ಕುಯ್ದರೆ ಒಳಗೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತೆ ಸಾರ್. ಕೂತ್ಕೊಳ್ಳಿ, ಚಾ ಕುಡೀರಿ."

ಕೂತೆವು. ಬಸ್ಸು ಹೋಯಿತು. ಬ್ರೆಡ್ಡನ್ನು ಅವರು ಮರದ ಹಲಗೆಯ ಮೇಲೆ ಅಡ್ಡ ಮಲಗಿಸಿ ತಣಿಯಲು ಬಿಟ್ಟರು. ಆಗಾಗ ಬಂದು ಬೆನ್ನುಗೈಯಿಂದ ಮುಟ್ಟಿ ನೋಡಿದರು. ಕೊನೆಗೆ ಕುಯ್ಯಲು ಕೂತಾಗ ಯಂತ್ರಕ್ಕೆ ಕೊಡಲಿಲ್ಲ. ಉದ್ದನೆಯ ಹಲ್ಲುಕತ್ತಿಯಿಂದ ಗರಗಸ ಎಳೆದ ಹಾಗೆ, ಒತ್ತದೆ, ಬರೀ ಎಳೆದು ಕುಯ್ದರು. ಮೇಲಿನ ಕಂದು ಚರ್ಮ ಚೂರೂ ಕುಸಿಯಲಿಲ್ಲ. ಇಷ್ಟು ಮಾಡಿ ಒಂದು ಬ್ರೆಡ್ಡಿಗೆ ಅವರು ತೆಗೆದುಕೊಂಡ ದುಡ್ಡಿನಲ್ಲಿ ರಾಜಾಸೀಟಿನ ಹತ್ತಿರ ಒಂದು ಚಾಕೊಲೇಟ್ ತುಂಡೂ ಬರುವುದಿಲ್ಲ.

ಕಕ್ಕಬೆ ದೊಡ್ಡ ಊರಲ್ಲ. ಒಂದಷ್ಟು ಅಂಗಡಿ, ಬ್ಯಾಂಕು, ಆಟೋ ಸ್ಟ್ಯಾಂಡು, ಸುತ್ತ ರೊಬಸ್ಟಾ ತೋಟ, ಮರಮರಕ್ಕೂ ಹಬ್ಬಿದ ಮೆಣಸಿನ ಬಳ್ಳಿ. ಆದರೆ ಜೇನಿನ ವಿಷಯಕ್ಕೆ ಬಂದರೆ ಇದರ ಹೆಸರು ದೊಡ್ಡದು. ಒಂದು ಕಾಲಕ್ಕೆ ಏಷ್ಯಾದಲ್ಲೇ ಹೆಚ್ಚು ಜೇನು ತೆಗೆಯುತ್ತಿದ್ದ ಊರು ಎಂದು ಇಲ್ಲಿನವರು ಹೇಳಿಕೊಳ್ಳುತ್ತಾರೆ. ಆ ಮಾತನ್ನು ಅಳೆಯುವ ತಕ್ಕಡಿ ನನ್ನಲ್ಲಿಲ್ಲ. ಮನೆಯ ಹಿತ್ತಲಲ್ಲಿ, ತೋಟದ ಕಲ್ಲುಕಂಬದ ಮೇಲೆ ತುಡುವೆ ಜೇನಿನ ಪೆಟ್ಟಿಗೆ ಇಡದ ಮನೆ ಇಲ್ಲಿ ಕಡಿಮೆಯಿತ್ತು ಎಂಬುದಂತೂ ನಿಜ. ವಿರಾಜಪೇಟೆಯಲ್ಲಿ, ಭಾಗಮಂಡಲದಲ್ಲಿ ಜೇನು ಸಾಕುವವರ ಸಹಕಾರ ಸಂಘಗಳು ಹುಟ್ಟಿದ್ದೂ ಇದರಿಂದಲೇ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ಬಡಿಯಿತು. ಮರಿಹುಳುಗಳು ಗೂಡಿನಲ್ಲೇ ನೀರು ತುಂಬಿದ ಚೀಲದಂತಾಗಿ ಸತ್ತವು. ಬಹುಪಾಲು ಪೆಟ್ಟಿಗೆ ಖಾಲಿಯಾಯಿತು. ಮತ್ತೆ ಕುಟುಂಬ ಹಿಡಿದು, ಪಾಲು ಮಾಡಿ ಬೆಳೆಸಲು ವರ್ಷಗಳೇ ಹಿಡಿದವು. ಕೆಲವರು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದವರು ಮತ್ತೆ ಇಳಿಸಲೇ ಇಲ್ಲ.

ನಾವು ಉಳಿದುಕೊಂಡಿದ್ದ ಹೋಮ್‌ಸ್ಟೇಯ ಅಕ್ಕ ಹೇಳಿ ಕಳಿಸಿದ ದಿನಸಿ ಅಂಗಡಿಯಲ್ಲಿ ಜೇನು ಬಿಯರ್ ಬಾಟಲಿಯಲ್ಲಿತ್ತು, ಚೀಟಿಗೀಟಿ ಇಲ್ಲ. ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದ ಮೇಲೆ ತುಂಬಿದ ಜೇನು ಇದು ಅಂದರು ಅಂಗಡಿಯವರು. ಭಾವ ಒಂದು ಲೋಟ ನೀರು ಕೇಳಿದರು, ಹನಿ ಹಾಕಿ ಪರೀಕ್ಷೆ ಮಾಡಲು. ಅಂಗಡಿಯವರು ನೀರು ಕೊಟ್ಟು ನಕ್ಕರು. "ಸಕ್ಕರೆ ಪಾಕ ಗಟ್ಟಿ ಮಾಡಿ ಹಾಕಿದರೆ ಅದೂ ಅಡಿಗೆ ಹೋಗಿ ಕೂತ್ಕೊಳ್ಳುತ್ತೆ. ನೀರಿಗೇನು ಗೊತ್ತಾಗುತ್ತೆ? ಪೆಟ್ಟಿಗೆ ಇಟ್ಟವರ ಮನೆ ಅಲ್ಲಿ ಕಾಣ್ತದಲ್ಲ, ಹಂಚಿನ ಮನೆ, ಅಲ್ಲಿಗೆ ಹೋಗಿ ಕೇಳಿ." ತುಡುವೆ ಜೇನು ಸ್ವಲ್ಪ ತೆಳ್ಳಗೇ ಇರುತ್ತದೆ, ಇಟ್ಟರೆ ಹರಳುಗಟ್ಟುವುದೂ ಉಂಟು. ಪೇಟೆಯವರು ಎರಡಕ್ಕೂ ಕಲಬೆರಕೆ ಅನ್ನುತ್ತಾರೆ. ಹೆಜ್ಜೇನು ಇದೆಯಾ ಅಂದೆ. "ಇಲ್ಲ. ಬಂದಾಗ ಬರುತ್ತೆ." ಕೊಡಗಿನ ಒಳ್ಳೆಯ ಅಂಗಡಿಗೆ ನನ್ನ ಗುರುತು ಇದೊಂದೇ: ಇಲ್ಲ ಅನ್ನಲು ಅವರಿಗೆ ಸಂಕೋಚವಿರುವುದಿಲ್ಲ. ಹನ್ನೆರಡು ತಿಂಗಳೂ ಎಲ್ಲವೂ ಸಿಗುವ ಅಂಗಡಿಯಲ್ಲಿ ನಾನು ಬೆಂಕಿಪೊಟ್ಟಣ ಮಾತ್ರ ಕೊಳ್ಳುತ್ತೇನೆ.

ಮೆಣಸಿಗೂ ಇದೇ ಮಾತು. 2017ರಲ್ಲಿ ವಿಯೆಟ್ನಾಂ ಮೆಣಸು ಗೋಣಿಕೊಪ್ಪದ ಮಾರುಕಟ್ಟೆಗೆ ಬಂದು ನಮ್ಮ ಮೆಣಸಿನ ಜೊತೆ ಬೆರೆಯುತ್ತಿದೆ ಎಂದು ಬೆಳೆಗಾರರು ಬೀದಿಗಿಳಿದಿದ್ದರು. ಅಂದಿನಿಂದ ಇಲ್ಲಿನ ಜನ ಮೆಣಸಿನ ಮಾತೆತ್ತಿದರೆ ಮೊದಲು ತೋಟದ ಹೆಸರು ಹೇಳುತ್ತಾರೆ, ಆಮೇಲೆ ಬೆಲೆ.

ಹಂದಿಕರಿಗೆ ಹಾಕುವ ಹುಳಿ, ಕಾಚಂಪುಳಿ ಮಾತ್ರ ಅಂಗಡಿಯಲ್ಲಿ ಇರಲಿಲ್ಲ. ಅಕ್ಕ ತಮ್ಮ ನೆಂಟರ ಮನೆಗೇ ಕರೆದುಕೊಂಡು ಹೋದರು. ಆ ಮನೆಯ ಹಿಂದಿನ ಜಗಲಿಯಲ್ಲಿ ಈ ಸಲದ ಕೆಲಸ ಆಗಲೇ ಶುರುವಾಗಿತ್ತು. ಪಣಪುಳಿ ಮರದಿಂದ ತಾನಾಗಿ ಉದುರಿದ ಹಳದಿ ಹಣ್ಣುಗಳನ್ನು ಹೆಕ್ಕಿ ತಂದು ಬಿದಿರಿನ ಬುಟ್ಟಿಗೆ ಸುರಿದಿದ್ದರು. ಸಣ್ಣ ಕುಂಬಳಕಾಯಿಯ ಹಾಗೆ ಗೆರೆಗೆರೆ ಇರುವ ಹಣ್ಣು. ಬುಟ್ಟಿಯ ಕೆಳಗೆ ಪಾತ್ರೆ. ಹಣ್ಣು ಒಂದರ ಮೇಲೊಂದು ಕೂತು ಮೆತ್ತಗಾಗಿ ಕೊಳೆಯುತ್ತಾ ರಸ ಬಿಡುತ್ತದೆ. ಹಿಂಡುವ ಹಾಗಿಲ್ಲ, ನೀರು ತಾಗುವ ಹಾಗಿಲ್ಲ. ದಿನಗಟ್ಟಲೆ ಹನಿಹನಿಯಾಗಿ ಬಿದ್ದ ಆ ರಸವನ್ನು ಮಣ್ಣಿನ ಮಡಕೆಯಲ್ಲಿ ಸಣ್ಣ ಉರಿಗೆ ಇಟ್ಟು, ಕಪ್ಪಾಗಿ ಪಾಕಕ್ಕೆ ಬರುವವರೆಗೆ ಕಾಯಿಸಬೇಕು. ಬುಟ್ಟಿ ತುಂಬ ಹಣ್ಣು ಹಾಕಿದರೂ ಕೊನೆಗೆ ಕೈಗೆ ಬರುವುದು ಸ್ವಲ್ಪವೇ. ಬಂದದ್ದು ವರ್ಷಗಟ್ಟಲೆ ಕೆಡುವುದಿಲ್ಲ.

ಮನೆಯ ಅಜ್ಜಿ ಹೋದ ವರ್ಷದ ಬಾಟಲಿ ತಂದು ನನ್ನ ಅಂಗೈಗೆ ಒಂದು ಹನಿ ಬಿಟ್ಟರು. ಅದು ಹರಿಯಲಿಲ್ಲ, ಬಿದ್ದಲ್ಲೇ ಗುಂಡಗೆ ನಿಂತಿತು. ನಾಲಿಗೆಗೆ ಇಟ್ಟೆ. ಮೊದಲು ಹಣ್ಣಿನ ವಾಸನೆ, ಆಮೇಲೆ ಹೊಗೆ, ಕೊನೆಗೆ ಕಿವಿಯ ಹಿಂದಿನ ನರ ಎಳೆಯುವಂಥ ಹುಳಿ. ಮಡಿಕೇರಿಯಲ್ಲಿ ಇದೇ ಹೆಸರಿನಲ್ಲಿ ಕೊಂಡ ಬಾಟಲಿಯೊಂದು ನಮ್ಮ ಮನೆಯಲ್ಲಿದೆ, ನೀರಿನಂತೆ ಕುಲುಕುತ್ತದೆ. ಅಜ್ಜಿ ಕೊಟ್ಟದ್ದು ಸಣ್ಣ ಔಷಧಿ ಸೀಸೆಯಷ್ಟು. ಇನ್ನೂ ಸ್ವಲ್ಪ ಕೊಡಿ ಅಂದರೆ, "ಮನೆಗೆ ಬೇಡವಾ ಮಗಾ?" ಅಂದರು.

ರಾತ್ರಿ ಅಕ್ಕನ ಅಡುಗೆಮನೆಯಲ್ಲಿ ಹಂದಿಕರಿ. ಚರ್ಮ, ಕೊಬ್ಬು ಸಮೇತ ತಂದ ಮಾಂಸ, ಹುರಿದು ಪುಡಿ ಮಾಡಿದ ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಣಸು. ಮಸಾಲೆ ಕಂದು ಬಣ್ಣಕ್ಕೆ ಬಂದು, ಕೊಬ್ಬು ಮೇಲೆ ತೇಲಿದ ಮೇಲೆ ಕಡೆಯಲ್ಲಿ ಬೀಳುವುದು ಕಾಚಂಪುಳಿ. ಒಂದು ಚಮಚ ಬಿದ್ದದ್ದೇ ಇಡೀ ಪಾತ್ರೆ ಕಪ್ಪಾಯಿತು. ಬುತ್ತಿಗೆಂದು ಒಂದಷ್ಟನ್ನು ಬೇರೆ ಬಾಣಲೆಗೆ ಹಾಕಿ ನೀರು ಇಂಗುವವರೆಗೆ ಹುರಿದಿಟ್ಟರು. ಭಾವ ನೂಪುಟ್ಟಿಗೆ, ಅಂದರೆ ಅಕ್ಕಿಶಾವಿಗೆಗೆ, ಜೇನು ಸುರಿದುಕೊಂಡು ನನಗಿಂತ ಹೆಚ್ಚೇ ಉಂಡರು.

ಬೆಳಿಗ್ಗೆ ಹೊರಡುವಾಗ ಬುತ್ತಿ ಸಿದ್ಧ. ಅನ್ನ ಮತ್ತು ಅಕ್ಕಿಹಿಟ್ಟು ಸೇರಿಸಿ ನಾದಿ, ಬಾಳೆಲೆಯ ಮೇಲೆ ತಟ್ಟಿ, ಕಾವಲಿಯಿಂದ ಕೆಂಡಕ್ಕೆ ಇಳಿಸಿ ಉಬ್ಬಿಸಿದ ಅಕ್ಕಿಒಟ್ಟಿ. ಅದರೊಳಗೆ ಹುರಿದ ಹಂದಿ. ಭಾವನದು ನಾಪೋಕ್ಲು ಬ್ರೆಡ್ಡು. ಬೆಣ್ಣೆಹಣ್ಣನ್ನು ಉಪ್ಪು, ಆಗಷ್ಟೇ ಕುಟ್ಟಿದ ಮೆಣಸು, ಒಂದೆರಡು ಜೀರಿಗೆಮೆಣಸಿನ ಜೊತೆ ಕಿವುಚಿದ್ದರು. ನಿಂಬೆಹಣ್ಣು ಮನೆಯಲ್ಲಿ ಇರಲಿಲ್ಲ, ಅಕ್ಕ ಅಳುಕದೆ ಕಾಚಂಪುಳಿ ಒಂದು ಹನಿ ಬಿಟ್ಟರು. ಎಳೆ ಹಸಿರಿನ ನಡುವೆ ಕಪ್ಪು ಎಳೆ. ನೋಡಲು ಚೆಂದ ಇರಲಿಲ್ಲ.

ಬೆಟ್ಟದ ದಾರಿ ನಾಲ್ಕುನಾಡು ಅರಮನೆಯ ಹತ್ತಿರದಿಂದಲೇ ಹೋಗುತ್ತದೆ. ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ಅರಮನೆ. 1834ರಲ್ಲಿ ಇಂಗ್ಲಿಷರು ಬಂದಾಗ ಚಿಕ್ಕವೀರರಾಜೇಂದ್ರ ಅಡಗಿದ್ದೂ ಇಲ್ಲೇ. ಕಂಬ, ಚಿತ್ರಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನಗೆ ಇಷ್ಟವಾದ ಕತೆ ಬೇರೆ. 1870ರಲ್ಲಿ ಕೊಡಗಿನ ಕೈಪಿಡಿ ಬರೆದ ರಿಕ್ಟರ್ ಅದನ್ನು ದಾಖಲಿಸಿದ್ದಾನೆ. ಈ ಜಿಲ್ಲೆಗೆ ಕಾಫಿ ಮೊದಲು ಬಂದದ್ದು ಈ ಅರಮನೆಯ ಆಸುಪಾಸಿನಲ್ಲಿ ರಾಜರಿಂದ ಭೂಮಿ ಪಡೆದ ಮಾಪಿಳ್ಳೆಗಳಿಂದ. ಗಿಡದ ನಿಜವಾದ ಬೆಲೆ ಊರವರಿಗೆ ಗೊತ್ತಾಗಬಾರದೆಂದು, ಇದರ ಹೂವು ಮಾತ್ರ ಉಪಯೋಗ, ಸಾರಿಗೆ ಹಾಕುವುದಕ್ಕೆ ಎಂದು ಅವರು ಹೇಳುತ್ತಿದ್ದರಂತೆ. ಕಾಫಿ ಹೂವಿನ ಸಾರು! ಕೂರ್ಗ್ ಹೆಸರಿನಲ್ಲಿ ನಡೆದ ಮೊದಲ ತಿನಿಸಿನ ಮೋಸ ಇದೇ ಇರಬೇಕು. ಈಗಿನವರ ಚಾಕೊಲೇಟಿಗೆ ಈ ಮಟ್ಟದ ಕಲ್ಪನೆ ಇಲ್ಲ.

ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ ಹತ್ತಿದೆವು. ಜಿಗಣೆಗೆ ಸುಣ್ಣ ಹೊಗೆಸೊಪ್ಪು ಕಟ್ಟಿಕೊಂಡಿದ್ದೆವು. ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಕಡೆ ಒಂದು ದೊಡ್ಡ ಬಂಡೆಯಿದೆ. ಅಲ್ಲಿ ಬುತ್ತಿ ಬಿಚ್ಚಿದೆವು. ಕುತೂಹಲಕ್ಕೆ ಎರಡು ಹೋಳು ಬ್ರೆಡ್ಡಿನ ನಡುವೆ ಹಂದಿ ಇಟ್ಟು ನೋಡಿದೆ. ಕೊಬ್ಬು ಕುಡಿದು ಬ್ರೆಡ್ಡು ಕೈಯಲ್ಲೇ ಮುದ್ದೆಯಾಯಿತು. ಅಕ್ಕಿಒಟ್ಟಿ ತಣ್ಣಗಾಗಿದ್ದರೂ ಮಡಿಕೆ ಬಿಡಲಿಲ್ಲ, ಎಣ್ಣೆ ಆಚೆ ಬಿಡಲಿಲ್ಲ. ಬೆಣ್ಣೆಹಣ್ಣಿಗೆ ಮಾತ್ರ ಬ್ರೆಡ್ಡೇ ಸರಿ. ಉಪ್ಪು ಬ್ರೆಡ್ಡಿನ ಗಟ್ಟಿ ಅಂಚು, ನುಣ್ಣನೆಯ ಹಣ್ಣು, ಹಲ್ಲಿಗೆ ಸಿಗುವ ಮೆಣಸಿನ ಚೂರು, ಎಲ್ಲೋ ಒಂದು ಕಡೆ ಆ ಹೊಗೆಹುಳಿ. ಭಾವನದನ್ನು ಕಿತ್ತುಕೊಂಡು ತಿಂದವನು ನಾನೇ.

ಬೆಂಗಳೂರಿನ ಹುಡುಗರ ಗುಂಪೊಂದು ಚಿಪ್ಸ್ ಪೊಟ್ಟಣ ಹಿಡಿದು ಪಕ್ಕದಲ್ಲಿ ಕೂತಿತ್ತು. "ಅಂಕಲ್, ಸ್ಯಾಂಡ್‌ವಿಚ್ ಯಾವ ಕೆಫೆದು?" ಅಂದಳು ಒಬ್ಬಳು. ಭಾವ ಬೆರಳು ಮಡಚುತ್ತಾ ಶುರು ಮಾಡಿದರು: ಹಣ್ಣು ಮಡಿಕೇರಿ ಸಂತೆಯದು, ಬ್ರೆಡ್ಡು ನಾಪೋಕ್ಲುದು, ಮೆಣಸು ಕಕ್ಕಬೆದು. ಇನ್ನೊಬ್ಬ ಫೋನು ತೆಗೆದು ಹುಡುಕಲು ನೋಡಿದ, ಸಿಗ್ನಲ್ ಇರಲಿಲ್ಲ. ಉಳಿದ ಒಂದು ಹೋಳನ್ನು ಅವರು ನಾಲ್ಕು ಪಾಲು ಮಾಡಿಕೊಂಡರು. ಮೊದಲ ಹುಡುಗಿ ಬಾಯಿ ಚಪ್ಪರಿಸಿ, ಕಪ್ಪು ಗೆರೆಯನ್ನು ತೋರಿಸಿ ಕೇಳಿದಳು: "ಇದು ಸೋಯಾ ಸಾಸಾ?"

ಭಾವ ಪಣಪುಳಿ ಮರದಿಂದ ಹಿಡಿದು ಹೇಳತೊಡಗಿದರು. ಬುಟ್ಟಿಯವರೆಗೆ ಬಂದಿದ್ದರು, ಮಳೆ ಬಂತು. ಎಲ್ಲರೂ ಎದ್ದು ಓಡಿದೆವು.