ನದಿಯಂಚಿನ ಗುಡ್ಡ

ಅಮೆರಿಕದ ಜಾರ್ಜಿಯಾ ಸಂಸ್ಥಾನದ ನಡುಭಾಗದಲ್ಲಿ, ಓಕ್ಮಲ್ಗಿ ನದಿಯ ದಂಡೆಯ ಮೇಲೆ ಮೇಕನ್ ಎಂಬ ಊರಿದೆ. ರಾಕ್ ಸಂಗೀತದ ಅಭಿಮಾನಿಗಳು ಅಲ್ಲಿ ಅರಸಿಕೊಂಡು ಹೋಗುವ ಸ್ಥಳ ಒಂದು ಸ್ಮಶಾನ! 1840ರಲ್ಲಿ ಸ್ಥಾಪಿತವಾದ ರೋಸ್ ಹಿಲ್ ರುದ್ರಭೂಮಿ ಮೆಟ್ಟಿಲು ಮೆಟ್ಟಿಲಾಗಿ ನದಿಯತ್ತ ಇಳಿಯುವ ಗುಡ್ಡ. ಅಂತರ್ಯುದ್ಧದಲ್ಲಿ ಮಡಿದ ದಕ್ಷಿಣದ ಸೈನಿಕರ ಗೋರಿಗಳ ಸಾಲು, ಕೆಳಗೆ ರೈಲುಹಾದಿ, ಅದರಾಚೆ ನದಿ.

1969ರ ವಸಂತದಲ್ಲಿ ಆರು ತರುಣರು ಈ ಊರಿಗೆ ಬಂದರು. ಆ ಮಾರ್ಚಿಯಲ್ಲಷ್ಟೇ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಹುಟ್ಟಿದ್ದ ಅವರ ಮೇಳದ ಹೆಸರು ಆಲ್ಮನ್ ಬ್ರದರ್ಸ್ ಬ್ಯಾಂಡ್. ಅಣ್ಣ ಡ್ವೇನ್ ಗಿಟಾರು ವಾದನದಲ್ಲಿ ಅಪ್ರತಿಮ. ತಮ್ಮ ಗ್ರೆಗ್ ಹಾಡುಗಾರ. ಡಿಕಿ ಬೆಟ್ಸನದು ಎರಡನೆಯ ಗಿಟಾರು, ಬೆರಿ ಓಕ್ಲಿಯದು ಬಾಸ್. ಡ್ರಮ್ ಬಾರಿಸುವವರೂ ಇಬ್ಬರು, ಬುಚ್ ಟ್ರಕ್ಸ್ ಮತ್ತು ಜೈಮೋ. ಫಿಲ್ ವಾಲ್ಡನ್ ಎಂಬಾತ ಅಲ್ಲಿ ಕ್ಯಾಪ್ರಿಕಾರ್ನ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟುತ್ತಿದ್ದುದೇ ಅವರು ಬರಲು ಕಾರಣ.

ಜೈಮೋ ಕಪ್ಪುವರ್ಣದವನು, ಉಳಿದವರು ಬಿಳಿಯರು. ವರ್ಣಭೇದವನ್ನು ನಿಷೇಧಿಸಿದ ಶಾಸನಕ್ಕೆ ಆಗ ಐದೇ ವರ್ಷ. ಮನಸ್ಸುಗಳು ಇನ್ನೂ ಬದಲಾಗಿರಲಿಲ್ಲ. ಕೈಯಲ್ಲಿ ಕಾಸೂ ಇರಲಿಲ್ಲ. ಎಚ್ ಅಂಡ್ ಎಚ್ ಎಂಬ ಸಣ್ಣ ಭೋಜನಗೃಹದಲ್ಲಿ ಒಂದೆರಡು ತಟ್ಟೆ ಊಟ ತರಿಸಿ ಎಲ್ಲರೂ ಹಂಚಿಕೊಳ್ಳುತ್ತಿದ್ದರು. ಅದನ್ನು ಕಂಡ ಒಡತಿ, ಕಪ್ಪುಮಹಿಳೆ ಲೂಯಿಸ್ ಹಡ್ಸನ್, ಎಲ್ಲರಿಗೂ ತಟ್ಟೆ ತುಂಬ ಬಡಿಸಿದಳು. ಲೆಕ್ಕ ಆಮೇಲೆ! ಹಣ ಬಂದಾಗ ಹುಡುಗರು ಮರೆಯಲಿಲ್ಲ. 1972ರ ಸಂಗೀತಯಾತ್ರೆಗೆ ‘ಮಾಮಾ ಲೂಯಿಸ್’ಳನ್ನೂ ಕರೆದೊಯ್ದರು.

ಬಿಡುವಾದಾಗ ಅವರು ಸೇರುತ್ತಿದ್ದುದು ರೋಸ್ ಹಿಲ್‌ನಲ್ಲಿ. ಇಪ್ಪತ್ತರ ಹರೆಯದವರು ಗೋರಿಗಳ ನಡುವೆ ಕುಳಿತು ಗಿಟಾರು ಮೀಟುವುದೆಂದರೆ ಹಿರಿಯರು ಮೂಗಿನ ಮೇಲೆ ಬೆರಳಿಟ್ಟಾರು. ಬೆಟ್ಸ್ ತನ್ನ ಒಂದು ವಾದ್ಯರಚನೆಗೆ ಎಲಿಜಬೆತ್ ರೀಡ್ ಎಂಬ ಹೆಸರನ್ನು ಆರಿಸಿಕೊಂಡದ್ದು ಅಲ್ಲಿಯ ಕಲ್ಲೊಂದರಿಂದಲೇ. ಆಕೆ ಅವನು ಹುಟ್ಟುವ ಮೊದಲೇ, 1935ರಲ್ಲಿ, ತೀರಿಕೊಂಡಿದ್ದಳು.

ಆ ರಚನೆಯೂ ಸೇರಿದ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಕಚೇರಿಗಳ ಧ್ವನಿಮುದ್ರಿಕೆ 1971ರ ಜುಲೈಯಲ್ಲಿ ಹೊರಬಂದಿತು. ಎರಡು ಗಿಟಾರುಗಳು ಜೊತೆಜೊತೆಯಾಗಿ ಸಾಗಿ, ಬಳಿಕ ಒಂದೊಂದೇ ಬಿಡಿಸಿಕೊಂಡು ಮನೋಧರ್ಮಕ್ಕೆ ತೊಡಗುವ ಪರಿಯನ್ನು ನಮ್ಮ ಕಚೇರಿಗಳ ರಸಿಕರು ಸುಲಭವಾಗಿ ಹಿಡಿದುಕೊಂಡಾರು. ಮೇಳ ಹೆಸರಾಯಿತು. ಅಕ್ಟೋಬರ್ 29ರಂದು ಮೇಕನ್ನಿನ ಬೀದಿಯಲ್ಲಿ ಮೋಟಾರ್‌ಸೈಕಲ್ ಅಪಘಾತಕ್ಕೀಡಾಗಿ ಡ್ವೇನ್ ಅಸುನೀಗಿದ, ವಯಸ್ಸು 24. ಶವಪೆಟ್ಟಿಗೆಯ ಬಳಿ ನಿಂತು ಗೆಳೆಯರು ವಾದ್ಯ ನುಡಿಸಿದರು. ಅವನ ಜಾಗಕ್ಕೆ ಬೇರೆ ಗಿಟಾರು ವಾದಕನನ್ನು ತರಲಿಲ್ಲ. ಮರುವರ್ಷ ಚಕ್ ಲೆವೆಲ್ ಎಂಬ ಪಿಯಾನೋ ವಾದಕನನ್ನು ಸೇರಿಸಿಕೊಂಡರು.

ದುರ್ದೈವ ಅಷ್ಟಕ್ಕೇ ಬಿಡಲಿಲ್ಲ. 1972ರ ನವೆಂಬರ್ 11ರಂದು, ಡ್ವೇನ್ ಬಿದ್ದ ಸ್ಥಳಕ್ಕೆ ಸಮೀಪದಲ್ಲಿಯೇ ಓಕ್ಲಿಯ ಮೋಟಾರ್‌ಸೈಕಲ್ ಬಸ್ಸಿಗೆ ಬಡಿಯಿತು. ಆಸ್ಪತ್ರೆ ಬೇಡವೆಂದು ಮನೆಗೆ ಹೋದ. ಕೆಲವೇ ಗಂಟೆಗಳಲ್ಲಿ ಕೊನೆಯುಸಿರೆಳೆದ. ಅವನಿಗೂ 24. ಇಬ್ಬರಿಗೂ ರೋಸ್ ಹಿಲ್‌ನಲ್ಲಿ ಅಕ್ಕಪಕ್ಕ ನೆಲ ದೊರೆಯಿತು.

ಆದರೂ ಮೇಳ ನಿಲ್ಲಲಿಲ್ಲ. 1976ರಲ್ಲಿ ಒಡೆದು, ಮತ್ತೆ ಕೂಡಿ, ಮತ್ತೆ ಚೆದುರಿ, 1989ರಿಂದ ಸಾಗಿ, 2014ರ ಅಕ್ಟೋಬರ್ 28ರ ರಾತ್ರಿ ನ್ಯೂಯಾರ್ಕಿನಲ್ಲಿ ಕಡೆಯ ಕಚೇರಿ ನಡೆಸಿತು. ಅದು ಮುಗಿಯುವಾಗ ನಡುರಾತ್ರಿ ದಾಟಿ ಡ್ವೇನನ ಪುಣ್ಯತಿಥಿಯ ದಿನ ಬಂದಿತ್ತು. 2017ರಲ್ಲಿ ಗ್ರೆಗ್‌ನನ್ನೂ ಅಣ್ಣನ ಬಳಿಗೆ ತಂದರು. 2024ರಲ್ಲಿ ಬೆಟ್ಸ್ ತೀರಿಕೊಂಡಾಗ, ಆ ಆರು ಮಂದಿಯಲ್ಲಿ ಉಳಿದವನು ಜೈಮೋ ಒಬ್ಬನೇ.