ಪರ್ಯಾಯದ ರಾತ್ರಿ

ಪದವಿ ತರಗತಿಯ ಕಡೆಯ ವರ್ಷದಲ್ಲಿರುವ ನನಗೆ ಮೇಲಿಂದ ಮೇಲೆ ನೆನಪಾಗುವುದು 2018ರ ಜನವರಿ 17ರ ರಾತ್ರಿ. ನಾನಾಗ ಏಳನೆಯ ತರಗತಿ. ಮರುದಿನ ಪಲಿಮಾರು ಮಠದ ಪರ್ಯಾಯ. ಎರಡು ವರ್ಷಗಳಿಗೊಮ್ಮೆ ಬರುವ ಆ ರಾತ್ರಿ ಉಡುಪಿಗೆ ನಿದ್ದೆಯೆಂಬುದಿಲ್ಲ. ಅಪ್ಪನ ಚರುಮುರಿ ಗಾಡಿಯನ್ನು ಟೆಂಪೋಗೆ ಏರಿಸಿ ಕಾರ್ಕಳದಿಂದ ಹೊರಟೆವು. ಮಣಿಪಾಲದ ಇಳಿಜಾರಿನಲ್ಲಿಯೇ ದೀಪಗಳ ಸಾಲು ಕಂಡಿತು.

ಬೀದಿಬೀದಿಯಲ್ಲಿ ವೇದಿಕೆಗಳು. ಇಲ್ಲಿ ರಸಮಂಜರಿ, ಅಲ್ಲಿ ಚೆಂಡೆ. ಗಿಟಾರಿನ ನಾದಕ್ಕೆ ಎದೆಯೇ ನಡುಗುತ್ತಿತ್ತು. ನೀರುಳ್ಳಿ ಸುಲಿಯುತ್ತಿದ್ದ ನಾನು ಸಹಪಾಠಿಗಳನ್ನು ಕಂಡು ನಾಚಿ ಗಾಡಿಯ ಮರೆಗೆ ಸರಿದೆ. ಅಪ್ಪ ಅದನ್ನು ಗಮನಿಸಿದರು. “ಹೋಗು, ಹಾಡು ಕೇಳಿ ಬಾ” ಎಂದರಷ್ಟೆ. ಹೋದೆ; ಮನದಣಿಯೆ ಕುಣಿದೆ. ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ.

ಕಾಪುವಿನ ದಂಡತೀರ್ಥದಲ್ಲಿ ಮಿಂದು ಬಂದ ಸ್ವಾಮಿಗಳ ಮೆರವಣಿಗೆ ನಸುಕಿನಲ್ಲಿ ಜೋಡುಕಟ್ಟೆಯಿಂದ ಹೊರಟಾಗ ಮರಳಿ ಬಂದೆ. ಅಪ್ಪ ನನಗಾಗಿ ಒಂದು ಪೊಟ್ಟಣ ಕಟ್ಟಿಟ್ಟಿದ್ದರು. “ಯಾವ ಹಾಡು ಹಾಡಿದರು? ಗದ್ದಲದಲ್ಲಿ ನನಗೊಂದೂ ಸರಿಯಾಗಿ ಕೇಳಿಸಲಿಲ್ಲ” ಎಂದರು.

ಹಿಂದಿರುಗುವಾಗ ನಾನೇ ಹಾಡಿದೆ. ಎರಡನೆಯ ಹಾಡಿಗೆ ಅವರು ನಿದ್ದೆಹೋದರು. ಆ ರಾತ್ರಿಯ ಗಳಿಕೆಯಿಂದ ನನ್ನ ಮುಂದಿನ ವರ್ಷದ ಪುಸ್ತಕಗಳು ಬಂದವು.

ನಮ್ಮ ಮನೆಯಲ್ಲಿ ಪದವಿಯ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗಳು. ಮಿತ್ರರೇ, ಮುಂದಿನ ಪರ್ಯಾಯಕ್ಕೆ ನಮ್ಮ ಗಾಡಿಯ ಬಳಿಗೆ ಬನ್ನಿ. ಚರುಮುರಿ ಕಲಸುವವಳು ನಾನು; ಹಾಡು ಕೇಳಲು ಹೋಗುವವರು ಅಪ್ಪ.